ಚೀನಾದಲ್ಲಿ ನೆಲೆಸಿದವರಿಗೆ ಮೋಟಾರ್ ಸೈಕಲ್: ಲೈಸೆನ್ಸಿನಿಂದ ಚೈನಿನವರೆಗೆ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬೈಕ್ ಕೊಳ್ಳಲು ಹೊರಟವರು ಮೊದಲು ಬೈಕನ್ನು ಮೆಚ್ಚಿಕೊಳ್ಳುತ್ತಾರೆ. ಹಣ ಕಟ್ಟಿದ ಮೇಲೆ ನೋಂದಣಿ, ವಿಮೆ, ನಂಬರ್ ಪ್ಲೇಟುಗಳ ಓಡಾಟವನ್ನೆಲ್ಲ ಶೋರೂಮಿನವರೇ ನೋಡಿಕೊಳ್ಳುತ್ತಾರೆ. ಕೆಲಸಕ್ಕೋ ವ್ಯಾಪಾರಕ್ಕೋ ಓದಿಗೋ ಚೀನಾಕ್ಕೆ ಬಂದು ನೆಲೆಸಿದವರು ಇದೇ ಕ್ರಮ ಹಿಡಿದರೆ ಕೈ ಸುಟ್ಟುಕೊಳ್ಳುತ್ತಾರೆ. ಇಲ್ಲಿ ಮೊದಲು ನೋಡಬೇಕಾದದ್ದು ನೀವಿರುವ ಊರಿನ ನಿಯಮ, ಎರಡನೆಯದು ಲೈಸೆನ್ಸ್, ಮೂರನೆಯದು ನಂಬರ್ ಪ್ಲೇಟು. ಯಾವ ಬೈಕ್ ಎಂಬ ಪ್ರಶ್ನೆ ಬರುವುದು ಆಮೇಲೆ. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ. ಇಲ್ಲಿ ಹೇಳಿದ್ದು ಮುಖ್ಯಭೂಮಿಯ ಚೀನಾಕ್ಕೆ ಮಾತ್ರ ಅನ್ವಯಿಸುತ್ತದೆ. ಹಾಂಗ್‌ಕಾಂಗ್ ಮತ್ತು ಮಕಾವ್‌ಗಳ ರಸ್ತೆ ಕಾನೂನೂ ಲೈಸೆನ್ಸೂ ಬೇರೆ.

ಊರಿನ ನಿಯಮ

ಬೈಕ್ ತಯಾರಿಕೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ಈ ದೇಶದ ಅನೇಕ ದೊಡ್ಡ ನಗರಗಳಲ್ಲಿ ಬೈಕ್ ಓಡಿಸುವುದಕ್ಕೇ ನಿರ್ಬಂಧವಿದೆ. ಗುವಾಂಗ್‌ಝೌ ನಗರವು 2007ರ ಜನವರಿ 1ರಿಂದ ತನ್ನ ನಗರ ಭಾಗದಲ್ಲಿ ಮೋಟಾರ್ ಸೈಕಲ್‌ಗಳನ್ನು ನಿಷೇಧಿಸಿತು. ಬೀಜಿಂಗ್‌ನಲ್ಲಿ ಎರಡು ಬಗೆಯ ಪ್ಲೇಟುಗಳಿವೆ: ‘ಜಿಂಗ್ ಎ’ ಪ್ಲೇಟಿನ ಬೈಕ್ ನಾಲ್ಕನೇ ವರ್ತುಲ ರಸ್ತೆಯ ಒಳಗೆ ಹೋಗಬಹುದು, ‘ಜಿಂಗ್ ಬಿ’ ಪ್ಲೇಟಿನದು ಅದರ ಹೊರಗಷ್ಟೇ ಓಡಾಡಬೇಕು. ಹೊಸದಾಗಿ ‘ಜಿಂಗ್ ಎ’ ಸಿಗದ ಕಾರಣ ಹಳೆಯ ಪ್ಲೇಟು ಇರುವ ಬೈಕುಗಳೇ ಕೈಯಿಂದ ಕೈಗೆ ಹೋಗುತ್ತವೆ, ಮತ್ತು ಪ್ಲೇಟಿನ ಬೆಲೆ ಬೈಕಿನ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಶಾಂಘೈಯಲ್ಲಿಯೂ ಹೀಗೆಯೇ, ‘ಹು ಸಿ’ ಪ್ಲೇಟು ಹೊರವರ್ತುಲದ ಆಚೆಗಿನ ಉಪನಗರಗಳಿಗೆ ಸೀಮಿತ, ಒಳಗೆ ಬರಬೇಕಾದರೆ ದುಬಾರಿಯಾದ ‘ಹು ಎ’ ಬೇಕು. ಇದಕ್ಕೆ ವಿರುದ್ಧವಾಗಿ, ಬೆಟ್ಟಗುಡ್ಡಗಳ ಚೊಂಗ್‌ಚಿಂಗ್‌ನಲ್ಲಿ ಬೈಕು ದಿನಬಳಕೆಯ ವಾಹನ. ಶಿಆನ್ ನಗರ 2017ರಲ್ಲಿ ತನ್ನ ಹಳೆಯ ನಿರ್ಬಂಧವನ್ನು ಸಡಿಲಿಸಿತು.

ಆದ್ದರಿಂದ ಮೊದಲ ಕೆಲಸವೆಂದರೆ ನಿಮ್ಮ ಮನೆ, ಕಚೇರಿ ಮತ್ತು ಇವೆರಡರ ನಡುವಿನ ದಾರಿ ಯಾವ ವಲಯದಲ್ಲಿವೆ ಎಂದು ನಕ್ಷೆಯ ಮೇಲೆ ಗುರುತಿಸಿಕೊಳ್ಳುವುದು. ಬೀಜಿಂಗ್‌ನ ಶುನ್‌ಯಿ ಅಥವಾ ತೊಂಗ್‌ಝೌ ಭಾಗದಲ್ಲಿ ವಾಸಿಸುವವರಿಗೆ ‘ಜಿಂಗ್ ಬಿ’ ಸಾಕು. ವಾರಾಂತ್ಯದಲ್ಲಿ ಹುವಾಯ್‌ರೌ, ಮಿಯುನ್ ಕಡೆಯ ಬೆಟ್ಟದ ರಸ್ತೆಗಳಿಗೆ ಹೋಗಿಬರಲು ಅದು ಅಡ್ಡಿಯಾಗದು. ನಾಲ್ಕನೇ ವರ್ತುಲದ ಒಳಗೆ ಮನೆಯಿರುವವರು ಮಾತ್ರ ಬೈಕಿನ ಆಸೆಯನ್ನು ಮರುಪರಿಶೀಲಿಸುವುದು ಒಳ್ಳೆಯದು, ಏಕೆಂದರೆ ನಿಷೇಧಿತ ವಲಯವನ್ನು ಕ್ಯಾಮೆರಾಗಳು ಹಗಲೂ ರಾತ್ರಿ ಕಾಯುತ್ತವೆ. ಹೆದ್ದಾರಿಗಳ ವಿಷಯವನ್ನೂ ಈಗಲೇ ತಿಳಿದಿರಬೇಕು. ರಾಷ್ಟ್ರೀಯ ಕಾನೂನು ಎಕ್ಸ್‌ಪ್ರೆಸ್ ವೇಯಲ್ಲಿ ಬೈಕಿಗೆ ಗಂಟೆಗೆ 80 ಕಿಲೋಮೀಟರ್ ಮಿತಿಯೊಂದಿಗೆ, ಹಿಂಬದಿ ಸವಾರರಿಲ್ಲದೆ ಹೋಗಲು ಅವಕಾಶ ಕೊಟ್ಟಿದ್ದರೂ ಅನೇಕ ಪ್ರಾಂತ್ಯಗಳು ತಮ್ಮ ಮಟ್ಟದಲ್ಲಿ ಅದನ್ನು ನಿಷೇಧಿಸಿವೆ.

ಲೈಸೆನ್ಸ್

ಭಾರತದ ಲೈಸೆನ್ಸಾಗಲಿ, ಊರಿನ ಆರ್‌ಟಿಒ ಕೊಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯಾಗಲಿ ಚೀನಾದಲ್ಲಿ ನಡೆಯುವುದಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಲೈಸೆನ್ಸ್ ಇಲ್ಲದೆ ಮೋಟಾರು ವಾಹನ ಓಡಿಸಿದರೆ 200ರಿಂದ 2,000 ಯುವಾನ್ ದಂಡದ ಜೊತೆಗೆ 15 ದಿನಗಳವರೆಗೆ ಬಂಧನದಲ್ಲಿಡಲು ಕಾನೂನಿನಲ್ಲಿ ಅವಕಾಶವಿದೆ. ಪರದೇಶದವರಿಗೆ ಬಂಧನವೆಂದರೆ ಅಲ್ಲಿಗೇ ಮುಗಿಯುವ ಮಾತಲ್ಲ, ವಾಸದ ಪರವಾನಗಿಗೂ ಕುತ್ತು ಬರಬಹುದು.

ದ್ವಿಚಕ್ರ ಮೋಟಾರ್ ಸೈಕಲ್‌ಗೆ ಬೇಕಾದದ್ದು ‘ಇ’ ವರ್ಗದ ಲೈಸೆನ್ಸ್. 50 ಸಿಸಿವರೆಗಿನ, ಗಂಟೆಗೆ 50 ಕಿಲೋಮೀಟರ್ ಮೀರದ ಮೊಪೆಡ್‌ಗಳಿಗೆ ‘ಎಫ್’, ಮೂರು ಚಕ್ರದವಕ್ಕೂ ಸೈಡ್‌ಕಾರ್ ಇರುವವಕ್ಕೂ ‘ಡಿ’. ‘ಡಿ’ ಇದ್ದವರು ಉಳಿದೆರಡು ಬಗೆಯವನ್ನೂ ಓಡಿಸಬಹುದು. ಕಾರಿನ ‘ಸಿ1’ ಲೈಸೆನ್ಸಿಗೂ ಇವಕ್ಕೂ ಸಂಬಂಧವಿಲ್ಲ. ಕಾರಿನ ಲೈಸೆನ್ಸ್ ಇಟ್ಟುಕೊಂಡು ಬೈಕ್ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದಂತೆಯೇ.

ನಿಮ್ಮ ಭಾರತೀಯ ಲೈಸೆನ್ಸಿನಲ್ಲಿ ಗೇರ್ ಇರುವ ಮೋಟಾರ್ ಸೈಕಲ್ ವರ್ಗ ನಮೂದಾಗಿದ್ದರೆ ಅದನ್ನು ಚೀನೀ ಲೈಸೆನ್ಸಾಗಿ ಪರಿವರ್ತಿಸಿಕೊಳ್ಳುವ ದಾರಿ ಇದೆ. ಪಾಸ್‌ಪೋರ್ಟು, ವಾಸದ ಪರವಾನಗಿ, ಪೊಲೀಸ್ ಠಾಣೆಯವರು ಕೊಟ್ಟ ವಸತಿ ನೋಂದಣಿ ಪತ್ರ, ಮೂಲ ಲೈಸೆನ್ಸ್ ಮತ್ತು ಮಾನ್ಯತೆ ಪಡೆದ ಅನುವಾದ ಸಂಸ್ಥೆಯಿಂದ ಅದರ ಚೀನೀ ಅನುವಾದ, ದೃಷ್ಟಿ ಹಾಗೂ ದೇಹಸ್ಥಿತಿಯ ತಪಾಸಣೆಯ ಪತ್ರ, ಬಿಳಿ ಹಿನ್ನೆಲೆಯ ಫೋಟೋಗಳು, ಇಷ್ಟನ್ನು ಹಿಡಿದುಕೊಂಡು ‘ಚೆ ಗ್ವಾನ್ ಸುವೋ’ ಎಂಬ ವಾಹನ ಆಡಳಿತ ಕಚೇರಿಗೆ ಹೋಗಬೇಕು. ಇದು ನಮ್ಮ ಆರ್‌ಟಿಒಗೆ ಸಮನಾದ ಕಚೇರಿ, ಆದರೆ ಪೊಲೀಸ್ ಇಲಾಖೆಯ ಅಧೀನದಲ್ಲಿದೆ. ಹೀಗೆ ಪರಿವರ್ತಿಸಿಕೊಳ್ಳುವವರು ‘ಖೆ ಮು ಯಿ’ ಎಂಬ ಮೊದಲ ಲಿಖಿತ ಪರೀಕ್ಷೆಯನ್ನಷ್ಟೇ ಪಾಸು ಮಾಡಿದರೆ ಸಾಕು. ಅದು ಕಂಪ್ಯೂಟರಿನಲ್ಲಿ, ಇಂಗ್ಲಿಷಿನಲ್ಲಿಯೂ ನಡೆಯುತ್ತದೆ; 100ಕ್ಕೆ 90 ಅಂಕ ಬರಲೇಬೇಕು. ಕೈಸನ್ನೆ ಮಾಡುವ ಪೊಲೀಸರ ಚಿತ್ರಗಳು, ತಪ್ಪು ಮಾಡಿದಾಗ ಲೈಸೆನ್ಸಿನಿಂದ ಕಳೆಯುವ ದಂಡದ ಅಂಕಗಳು, ಮಂಜಿನಲ್ಲಿ ಎಷ್ಟು ದೂರ ಬಿಡಬೇಕು ಎಂಬಂಥ ಸಂಖ್ಯೆಗಳು ಇಲ್ಲಿ ಜಾಸ್ತಿ, ಹಾಗಾಗಿ ರಸ್ತೆಯ ಅನುಭವವನ್ನು ನೆಚ್ಚಿಕೊಂಡು ಓದದೆ ಹೋದವರು ಸಾಮಾನ್ಯವಾಗಿ ಫೇಲಾಗುತ್ತಾರೆ. ಪ್ರಶ್ನೆಬ್ಯಾಂಕ್ ಮೊಬೈಲ್ ಆ್ಯಪ್‌ಗಳಲ್ಲಿ ಸಿಗುತ್ತದೆ. ಅಣಕು ಪರೀಕ್ಷೆಯಲ್ಲಿ ಸತತವಾಗಿ 95 ದಾಟುವವರೆಗೆ ಅಭ್ಯಾಸ ಮಾಡಿ ಹೋಗಿ.

ಮೋಟಾರ್ ಸೈಕಲ್ ವರ್ಗದ ಪರಿವರ್ತನೆಯ ವಿಷಯದಲ್ಲಿ ನಗರದಿಂದ ನಗರಕ್ಕೆ ಕಚೇರಿಗಳ ಧೋರಣೆ ಬದಲಾಗುವುದರಿಂದ, ಅನುವಾದಕ್ಕೆ ಹಣ ಕೊಡುವ ಮೊದಲೇ ಕೌಂಟರಿನಲ್ಲಿ ಕೇಳಿಕೊಳ್ಳಿ. ಪರಿವರ್ತನೆ ಆಗದಿದ್ದರೆ ಡ್ರೈವಿಂಗ್ ಶಾಲೆಗೆ ಸೇರುವುದೇ ದಾರಿ. ಅಲ್ಲಿ ಲಿಖಿತ ಪರೀಕ್ಷೆ, ಕಂಬಗಳ ನಡುವೆ ತಿರುಗಿಸುವ ಮತ್ತು ಇಳಿಜಾರಿನಲ್ಲಿ ನಿಲ್ಲಿಸಿ ಹೊರಡಿಸುವ ಮೈದಾನದ ಪರೀಕ್ಷೆ, ರಸ್ತೆ ಪರೀಕ್ಷೆ, ಕೊನೆಗೆ ಸುರಕ್ಷಿತ ಚಾಲನೆಯ ಬಗ್ಗೆ ಇನ್ನೊಂದು ಲಿಖಿತ ಪರೀಕ್ಷೆ ಇರುತ್ತದೆ. ಬಹಳ ಮಂದಿ ಚೀನೀಯರು ನೇರವಾಗಿ ‘ಡಿ’ ವರ್ಗಕ್ಕೇ ಸೇರಿ ಮೂರು ಚಕ್ರದ ಗಾಡಿಯಲ್ಲಿ ಪರೀಕ್ಷೆ ಕೊಡುತ್ತಾರೆ. ಸಮತೋಲನದ ಗೊಡವೆ ಇಲ್ಲದ್ದರಿಂದ ಪಾಸಾಗುವುದು ಸುಲಭ, ಲೈಸೆನ್ಸಿನ ವ್ಯಾಪ್ತಿಯೂ ದೊಡ್ಡದು. ಊರಿನಲ್ಲಿ ಬೈಕ್ ಓಡಿಸಿ ಪಳಗಿದವರಿಗೆ ನಾನೂ ಇದನ್ನೇ ಸೂಚಿಸುತ್ತೇನೆ. ಆದರೆ ದ್ವಿಚಕ್ರವನ್ನೇ ಓಡಿಸಿ ಗೊತ್ತಿಲ್ಲದವರು ಈ ಸುಲಭದ ದಾರಿಯನ್ನು ಹಿಡಿಯಬಾರದು, ಏಕೆಂದರೆ ಅವರ ಕೈಯಲ್ಲಿ ಲೈಸೆನ್ಸ್ ಇರುತ್ತದೆಯೇ ಹೊರತು ವಿದ್ಯೆ ಇರುವುದಿಲ್ಲ.

ಲೈಸೆನ್ಸ್ ಮೊದಲು 6 ವರ್ಷಕ್ಕೆ, ಆಮೇಲೆ 10 ವರ್ಷಕ್ಕೆ ಸಿಗುತ್ತದೆ. ಭಾರತೀಯರು ಮರೆಯಲೇಬಾರದ ಒಂದು ಸಂಗತಿಯಿದೆ. ನಮ್ಮ ಪಾಸ್‌ಪೋರ್ಟ್ ನವೀಕರಿಸಿದಾಗ ಸಂಖ್ಯೆ ಬದಲಾಗುತ್ತದೆ, ಆದರೆ ಚೀನೀ ಲೈಸೆನ್ಸು ಮತ್ತು ಬೈಕಿನ ದಾಖಲೆಗಳು ಹಳೆಯ ಪಾಸ್‌ಪೋರ್ಟಿನ ಸಂಖ್ಯೆಗೇ ಜೋಡಿಸಿಕೊಂಡಿರುತ್ತವೆ. ಹೊಸ ಪಾಸ್‌ಪೋರ್ಟ್ ಬಂದ ಕೂಡಲೇ ವಾಸದ ಪರವಾನಗಿ, ವಸತಿ ನೋಂದಣಿ, ಲೈಸೆನ್ಸ್, ಬೈಕಿನ ನೋಂದಣಿ ಎಲ್ಲವನ್ನೂ ಇದೇ ಸರದಿಯಲ್ಲಿ ತಿದ್ದಿಸಿಕೊಳ್ಳಿ. ರದ್ದಾದ ಹಳೆಯ ಪಾಸ್‌ಪೋರ್ಟನ್ನು ಜೋಪಾನವಾಗಿಡಿ. ಎರಡೂ ಒಬ್ಬರವೇ ಎಂದು ತೋರಿಸುವುದಕ್ಕೆ ಅದು ಬೇಕಾಗುತ್ತದೆ.

ಬೈಕ್ ಆರಿಸುವುದು

ಈಗ ಬೈಕಿನ ಮಾತು. ಚೀನಾದ ದೇಶೀ ಕಂಪನಿಗಳ ಗುಣಮಟ್ಟ ಬಹಳ ಸುಧಾರಿಸಿದೆ, ಮತ್ತು ಇಲ್ಲಿರುವಷ್ಟು ದಿನ ಸುಲಭವಾಗಿ ಬಿಡಿಭಾಗ ಸಿಗುವ ಬೈಕ್ ಬೇಕೆನ್ನುವವರಿಗೆ ಅವೇ ಸರಿಯಾದ ಆಯ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಂಗ್‌ಝೌನ ಸಿಎಫ್ ಮೋಟೋ, ವೆನ್‌ಲಿಂಗ್‌ನ ಚಿಯೆನ್‌ಜಿಯಾಂಗ್, ಚೊಂಗ್‌ಚಿಂಗ್‌ನ ಲೋನ್ಸಿನ್ ಮತ್ತು ಝೋಂಗ್‌ಶೆನ್, ಜಿಯಾಂಗ್‌ಮೆನ್‌ನ ಹಾವೋಜುಯೆ ಇವು ಎಲ್ಲೆಡೆ ಮಾರಾಟ ಮತ್ತು ಸರ್ವಿಸ್ ಜಾಲ ಇರುವ ಹೆಸರುಗಳು. ಹೋಂಡಾ, ಸುಝುಕಿ, ಯಮಹಾಗಳೂ ಇಲ್ಲಿನ ಪಾಲುದಾರರ ಜೊತೆ ಸೇರಿ ಬೈಕ್ ತಯಾರಿಸುತ್ತವೆ.

ಎಂಜಿನ್ನಿನ ಗಾತ್ರ ತೆರಿಗೆಯನ್ನೂ ವಿಮೆಯನ್ನೂ ನಿರ್ಧರಿಸುತ್ತದೆ. 150 ಸಿಸಿವರೆಗಿನ ಬೈಕಿಗೆ ವಾಹನ ಖರೀದಿ ತೆರಿಗೆ ಇಲ್ಲ, ಅದಕ್ಕಿಂತ ಮೇಲಿನದಕ್ಕೆ 10 ಶೇಕಡ. ಕಡ್ಡಾಯ ವಿಮೆಯ ಮೂಲ ಕಂತು 50 ಸಿಸಿವರೆಗೆ ವರ್ಷಕ್ಕೆ 80 ಯುವಾನ್, 250 ಸಿಸಿವರೆಗೆ 120 ಯುವಾನ್, ಅದರ ಮೇಲೆ 400 ಯುವಾನ್. ದಿನವೂ ಕಚೇರಿಗೆ ಹೋಗಿಬರುವುದಷ್ಟೇ ಉದ್ದೇಶವಾಗಿದ್ದರೆ 125ರಿಂದ 150 ಸಿಸಿ ಧಾರಾಳವಾಗಿ ಸಾಕು. ಬೆಟ್ಟದ ರಸ್ತೆ, ದೂರದ ಪ್ರಯಾಣ ಎನ್ನುವವರು 250ರಿಂದ 450 ಸಿಸಿ ನಡುವೆ ನೋಡಲಿ. ಎಂಜಿನ್ ಯಾವುದೇ ಇರಲಿ, ಗಕ್ಕನೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರುವುದನ್ನೇ ತೆಗೆದುಕೊಳ್ಳಿ. ಸದ್ದಿಲ್ಲದೆ ಎದುರಿಗೆ ನುಗ್ಗುವ ವಿದ್ಯುತ್ ಸ್ಕೂಟರುಗಳ ನಡುವೆ ಅದು ಬೇಕೇ ಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಮಾಲೀಕತ್ವದ ಮೂಲ ದಾಖಲೆ ‘ಲ್ಯು ಬೆನ್’ ಎಂಬ ಹಸಿರು ಪುಸ್ತಕ. ನಮ್ಮ ಆರ್‌ಸಿಯಂತೆ ಜೊತೆಯಲ್ಲಿ ಒಯ್ಯುವ ‘ಶಿಂಗ್ ಶಿ ಝೆಂಗ್’ ಬೇರೆಯದು. ಹಸಿರು ಪುಸ್ತಕ ಕಳೆದುಹೋಗಿದೆ, ಊರಿನಲ್ಲಿದೆ, ಆಮೇಲೆ ಕೊಡುತ್ತೇನೆ ಎನ್ನುವವರಿಂದ ಕೊಳ್ಳಬೇಡಿ. ಅದರಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಬೈಕಿನ ಮೇಲಿರುವುದರೊಂದಿಗೆ ಒಂದೊಂದೇ ಅಂಕಿಯಾಗಿ ಹೋಲಿಸಿ. ಅಡಮಾನದ ನಮೂದು ಇದೆಯೇ, ಬಾಕಿ ದಂಡಗಳಿವೆಯೇ, ತಪಾಸಣೆಯ ಅವಧಿ ಮುಗಿದಿದೆಯೇ ಎಂದು ನೋಡಿ. ‘ಶುಯ್ ಚೆ’ ಎಂದು ಕರೆಯುವ ಕಳ್ಳಸಾಗಣೆಯ ವಿದೇಶೀ ಬೈಕುಗಳು ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ. ಇವಕ್ಕೆ ಯಾವ ಕಾಲಕ್ಕೂ ನೋಂದಣಿ ಆಗದು. ಅಂಥವಕ್ಕೆ ಬೇರೆ ಬೈಕಿನ ಪ್ಲೇಟು ಹಾಕಿ ಮಾರುವವರೂ ಇದ್ದಾರೆ. ನಕಲಿ ಪ್ಲೇಟು ಹಾಕಿ ಓಡಿಸುತ್ತ ಸಿಕ್ಕಿಬಿದ್ದರೆ ಬೈಕಿನ ಜಪ್ತಿ, 2,000ದಿಂದ 5,000 ಯುವಾನ್ ದಂಡ, ಜೊತೆಗೆ ಬಂಧನ. ಇಲ್ಲಿ ಎಲ್ಲರೂ ಹೀಗೆಯೇ ಓಡಿಸುತ್ತಾರೆ ಎಂದು ಧೈರ್ಯ ತುಂಬುವ ಸ್ನೇಹಿತರು ಆ ಹೊತ್ತಿಗೆ ಠಾಣೆಗೆ ಬರುವುದಿಲ್ಲ.

ಹಳೆಯ ಬೈಕಿನ ಇನ್ನೊಂದು ಗಂಟು ವಯಸ್ಸಿನದು. 2013ರ ಮೇ 1ರಿಂದ ಜಾರಿಗೆ ಬಂದ ಕಡ್ಡಾಯ ಗುಜರಿ ನಿಯಮ ದ್ವಿಚಕ್ರ ಮೋಟಾರ್ ಸೈಕಲ್‌ಗೆ 13 ವರ್ಷಗಳ ಆಯುಸ್ಸನ್ನು ನಿಗದಿ ಮಾಡಿತು. ಕೊಳ್ಳಲಿರುವ ಬೈಕಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂಬುದನ್ನು ಕಚೇರಿಯಲ್ಲಿ ಖಚಿತಪಡಿಸಿಕೊಂಡೇ ಬೆಲೆ ಮಾತಾಡಿ. ಚಾಂಗ್‌ಜಿಯಾಂಗ್ 750 ಎಂಬ ಸೈಡ್‌ಕಾರ್ ಬೈಕನ್ನು ಕಂಡು ಮರುಳಾಗುವ ಪರದೇಶಿಗಳು ಬೀಜಿಂಗ್‌ನಲ್ಲಿ ಬಹಳ. ಜರ್ಮನಿಯ ಬಿಎಂಡಬ್ಲ್ಯೂ ಆರ್71 ಮಾದರಿಯಿಂದ ಸೋವಿಯತ್ ಒಕ್ಕೂಟದ ಎಂ-72 ಹುಟ್ಟಿತು, ಅದರಿಂದ ನಾನ್‌ಚಾಂಗ್‌ನಲ್ಲಿ ತಯಾರಾದದ್ದು ಈ ಬೈಕ್. ಅದರ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾರಾಟಕ್ಕೆ ಬರುವ ಹಳೆಯ ಗಾಡಿಗಳಲ್ಲಿ ಕಾಗದಪತ್ರ ಸರಿಯಿರುವುದು ಅಪರೂಪ, ಓಡಿಸಲು ‘ಡಿ’ ಲೈಸೆನ್ಸೇ ಬೇಕು, ಮತ್ತು ಅದರ ರಿಪೇರಿಗೆ ತಿಳಿದ ಮೆಕ್ಯಾನಿಕ್ಕನ್ನು ಹುಡುಕಿ ಇಟ್ಟುಕೊಳ್ಳಬೇಕು.

ವಿದ್ಯುತ್ ಸ್ಕೂಟರಿಗೆ ಇದ್ಯಾವುದೂ ಬೇಡ ಎಂದುಕೊಳ್ಳುವವರಿಗೆ ಒಂದು ಎಚ್ಚರಿಕೆ. 2019ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಮಾನಕದ ಪ್ರಕಾರ ಗಂಟೆಗೆ 25 ಕಿಲೋಮೀಟರ್ ಮೀರದ, 400 ವಾಟ್ ಒಳಗಿನ ಮೋಟಾರಿನ ಗಾಡಿ ಮಾತ್ರ ವಿದ್ಯುತ್ ಬೈಸಿಕಲ್ ಎನಿಸಿಕೊಂಡಿತು. ವೇಗದ ಈ ಮಿತಿಯನ್ನು ಮೀರಿದವು ಮೋಟಾರ್ ಸೈಕಲ್‌ಗಳ ಸಾಲಿಗೇ ಸೇರುತ್ತವೆ; ಅವಕ್ಕೆ ‘ಎಫ್’ ಅಥವಾ ‘ಇ’ ಲೈಸೆನ್ಸ್, ನೋಂದಣಿ, ವಿಮೆ ಎಲ್ಲವೂ ಬೇಕು. ನೋಡುವುದಕ್ಕೆ ಎರಡೂ ಒಂದೇ ತರಹ ಇರುವುದರಿಂದ ಗಾಡಿ ಮಾನಕಕ್ಕೆ ತಕ್ಕಂತಿದೆ ಎಂದು ಕಾರ್ಖಾನೆ ಕೊಡುವ ಅನುಸರಣಾ ಪತ್ರದಲ್ಲಿ ಯಾವ ವರ್ಗವೆಂದು ಬರೆದಿದೆ ಎಂಬುದನ್ನು ಅಂಗಡಿಯಲ್ಲೇ ಓದಿಸಿಕೊಳ್ಳಿ.

ನೋಂದಣಿ, ವಿಮೆ

ಹೊಸ ಬೈಕಿನ ನೋಂದಣಿಗೆ ಖರೀದಿಯ ಅಧಿಕೃತ ರಸೀದಿ, ಕಾರ್ಖಾನೆಯ ಅನುಸರಣಾ ಪತ್ರ, ಖರೀದಿ ತೆರಿಗೆ ಕಟ್ಟಿದ ಅಥವಾ ವಿನಾಯಿತಿ ಪಡೆದ ದಾಖಲೆ, ಕಡ್ಡಾಯ ವಿಮೆಯ ಪಾಲಿಸಿ, ಮತ್ತು ಬೈಕ್ ಬೇಕು. ಪರದೇಶದವರ ಗುರುತಿಗೆ ಪಾಸ್‌ಪೋರ್ಟು, 3 ತಿಂಗಳು ಅಥವಾ ಹೆಚ್ಚಿನ ಅವಧಿಯ ವೀಸಾ ಇಲ್ಲವೇ ವಾಸದ ಪರವಾನಗಿ, ವಸತಿ ನೋಂದಣಿ ಪತ್ರ ಇವು ಮೂರೂ ಸೇರಬೇಕು. ಬಾಡಿಗೆ ಮನೆ ಬದಲಿಸಿದವರು ಹೊಸ ವಿಳಾಸದ ವಸತಿ ನೋಂದಣಿಯನ್ನು ಮೊದಲು ಮಾಡಿಸಿಕೊಂಡೇ ಕಚೇರಿಗೆ ಹೋಗಬೇಕು. ಕಚೇರಿಯ ಅಂಗಳದಲ್ಲಿ ಚಾಸಿಸ್ ಸಂಖ್ಯೆಯ ಮೇಲೆ ತೆಳುಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವ ಪದ್ಧತಿ ಇದೆ. ಹ್ಯಾಂಡಲ್ ಕೆಳಗಿನ ಆ ಜಾಗ ಇಕ್ಕಟ್ಟು. ಕೇಬಲ್ಲುಗಳನ್ನು ಪಕ್ಕಕ್ಕೆ ಸರಿಸಿ, ಗ್ರೀಸ್ ಒರೆಸಿ, ಕಾಗದ ಜರುಗದಂತೆ ಎರಡೂ ತುದಿ ಒತ್ತಿ ಹಿಡಿದರಷ್ಟೇ 17 ಅಕ್ಷರ-ಅಂಕಿಗಳೂ ಬಿಡಿಬಿಡಿಯಾಗಿ ಮೂಡುತ್ತವೆ. ಮಾರಾಟಗಾರರು ಇದನ್ನು ಮುಂಚೆಯೇ ತೆಗೆದುಕೊಡುವುದುಂಟು, ಕೇಳಿ ಪಡೆಯಿರಿ.

ಕಡ್ಡಾಯ ವಿಮೆಯನ್ನು ಇಲ್ಲಿ ‘ಜಿಯಾವ್ ಚಿಯಾಂಗ್ ಶಿಯೆನ್’ ಎನ್ನುತ್ತಾರೆ. 2020ರ ಸೆಪ್ಟೆಂಬರ್ 19ರಿಂದ ಅದರ ಒಟ್ಟು ಮಿತಿ 2 ಲಕ್ಷ ಯುವಾನ್: ಸಾವು ಅಥವಾ ಅಂಗವೈಕಲ್ಯಕ್ಕೆ 1.8 ಲಕ್ಷ, ಚಿಕಿತ್ಸೆಗೆ 18 ಸಾವಿರ, ಆಸ್ತಿ ಹಾನಿಗೆ 2 ಸಾವಿರ. ಚಿಕಿತ್ಸೆಯ ಮೊತ್ತವನ್ನು ಇನ್ನೊಮ್ಮೆ ಓದಿಕೊಳ್ಳಿ. ಕಾಲು ಮುರಿದವರ ಶಸ್ತ್ರಚಿಕಿತ್ಸೆಗೂ ಅದು ಸಾಲದೆ ಹೋಗಬಹುದು. ಮೇಲಾಗಿ ಇದು ಎದುರಿನವರಿಗಾದ ಹಾನಿಗೆ ಮಾತ್ರ. ನಿಮಗಾಗಲಿ ನಿಮ್ಮ ಹಿಂದೆ ಕುಳಿತವರಿಗಾಗಲಿ ಅಲ್ಲ. ಚೀನಾದ ರಸ್ತೆ ಸುರಕ್ಷತಾ ಕಾನೂನಿನ 76ನೇ ವಿಧಿ ಪಾದಚಾರಿಗಳ ಮತ್ತು ಸೈಕಲ್, ವಿದ್ಯುತ್ ಬೈಸಿಕಲ್ ಸವಾರರ ಪಕ್ಷಪಾತಿ. ಮೋಟಾರು ವಾಹನದವರದು ಏನೂ ತಪ್ಪಿಲ್ಲದಿದ್ದರೂ 10 ಶೇಕಡದವರೆಗೆ ಪರಿಹಾರದ ಹೊಣೆ ಅವರ ಮೇಲೆ ಬರಬಹುದು, ಮತ್ತು ಬೈಕು ಮೋಟಾರು ವಾಹನವೇ. ಆದ್ದರಿಂದ ಸ್ವಯಿಚ್ಛೆಯ ಮೂರನೇ ವ್ಯಕ್ತಿ ವಿಮೆಯನ್ನು ಸೇರಿಸಿಕೊಳ್ಳಲೇಬೇಕು. ಬೈಕಿಗೆ ಈ ವಿಮೆ ಮಾರಲು ಹಿಂಜರಿಯುವ ಕಂಪನಿಗಳಿವೆ. ಒಂದರಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ಕೇಳಿ, ಬಿಟ್ಟುಬಿಡಬೇಡಿ. ಕಚೇರಿಯವರು ಮಾಡಿಸಿಕೊಟ್ಟ ಆರೋಗ್ಯ ವಿಮೆಯಲ್ಲಿ ಮೋಟಾರ್ ಸೈಕಲ್ ಅಪಘಾತವನ್ನು ಹೊರಗಿಟ್ಟಿದ್ದಾರೆಯೇ ಎಂಬುದನ್ನೂ ಓದಿ ನೋಡಬೇಕು.

ನೋಂದಣಿಯಾದ ಮೇಲೆ 12123 ಸಂಖ್ಯೆಯ ಹೆಸರಿನಲ್ಲಿರುವ ಸಂಚಾರ ಆಡಳಿತದ ಅಧಿಕೃತ ಆ್ಯಪ್‌ನಲ್ಲಿ ನಿಮ್ಮ ಲೈಸೆನ್ಸನ್ನೂ ಬೈಕನ್ನೂ ಜೋಡಿಸಿಕೊಳ್ಳಿ. ದಂಡ, ಅಂಕ, ತಪಾಸಣೆಯ ದಿನಾಂಕ ಎಲ್ಲವೂ ಅದರಲ್ಲಿ ಕಾಣುತ್ತದೆ. ಮೊದಲ 10 ವರ್ಷಗಳಲ್ಲಿ ಬೈಕನ್ನು ತಪಾಸಣಾ ಕೇಂದ್ರಕ್ಕೆ ಒಯ್ಯಬೇಕಾದದ್ದು 6ನೇ ಮತ್ತು 10ನೇ ವರ್ಷದಲ್ಲಿ ಮಾತ್ರ. ನಡುವೆ 2 ವರ್ಷಕ್ಕೊಮ್ಮೆ ತಪಾಸಣಾ ಗುರುತನ್ನು ಆ್ಯಪ್‌ನಲ್ಲೇ ಪಡೆಯಬಹುದು. 10 ವರ್ಷದ ನಂತರ ಪ್ರತಿ ವರ್ಷ ತಪಾಸಣೆ.

ರಸ್ತೆಯ ಮೇಲೆ

ಎಡಬದಿಯ ದೇಶದಿಂದ ಬಂದ ನಾವು ಬಲಬದಿಗೆ ಹೊಂದಿಕೊಳ್ಳಬೇಕು. ನೇರ ರಸ್ತೆಯಲ್ಲಿ ತೊಂದರೆಯಾಗದು. ಅಪಾಯವಿರುವುದು ಖಾಲಿ ಓಣಿಯಿಂದ ಮುಖ್ಯರಸ್ತೆಗೆ ತಿರುಗುವಾಗ, ಪೆಟ್ರೋಲ್ ಹಾಕಿಸಿ ಹೊರಬರುವಾಗ, ಮುಂಜಾನೆ ವಾಹನಗಳೇ ಇಲ್ಲದಾಗ. ಮುಂದೆ ನೋಡಿ ಅನುಸರಿಸುವುದಕ್ಕೆ ಗಾಡಿಯೊಂದಿಲ್ಲದಿದ್ದರೆ ಹಳೆಯ ಅಭ್ಯಾಸ ಎಡಕ್ಕೆ ಎಳೆಯುತ್ತದೆ. ಬೈಕು ಮೋಟಾರು ವಾಹನಗಳ ಪಥದಲ್ಲಿ ಹೋಗಬೇಕೇ ಹೊರತು ಬದಿಯ ಸೈಕಲ್ ಪಥದಲ್ಲಿ ಅಲ್ಲ. ಬಾಣದ ಗುರುತಿಲ್ಲದ ಕೆಂಪು ದೀಪವಿದ್ದಾಗ, ಬೇರೆಯವರಿಗೆ ಅಡ್ಡಿಯಾಗದಂತೆ ಬಲಕ್ಕೆ ತಿರುಗಬಹುದು. ಕೆಂಪು ದೀಪ ದಾಟಿದರೆ ಲೈಸೆನ್ಸಿನ ವರ್ಷದ 12 ಅಂಕಗಳಲ್ಲಿ 6 ಹೋಗುತ್ತವೆ. ರಕ್ತದಲ್ಲಿ 100 ಮಿಲಿಲೀಟರಿಗೆ 20 ಮಿಲಿಗ್ರಾಂ ಮದ್ಯಾಂಶವಿದ್ದರೆ ಕುಡಿದು ಓಡಿಸಿದಂತೆ, 80 ಮುಟ್ಟಿದರೆ ಅದು ಕ್ರಿಮಿನಲ್ ಅಪರಾಧ.

ಊರಿನಲ್ಲಿ ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುವ ರೂಢಿ ಇಲ್ಲಿ ಸಲ್ಲದು. ಹಿಂದಿನ ಸೀಟಿನಲ್ಲಿ 12 ವರ್ಷ ತುಂಬದ ಮಕ್ಕಳನ್ನು ಕೂರಿಸುವಂತಿಲ್ಲ, ಮೊಪೆಡ್‌ನಲ್ಲಂತೂ ಯಾರನ್ನೂ ಕೂರಿಸುವಂತಿಲ್ಲ. ಹೆಲ್ಮೆಟ್ ಇಬ್ಬರಿಗೂ ಬೇಕು, ಮತ್ತು ಅದರ ಮೇಲೆ ಚೀನಾದ ಕಡ್ಡಾಯ ಪ್ರಮಾಣೀಕರಣದ ‘3ಸಿ’ ಗುರುತಿರಬೇಕು. ಈ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ.

ಪೆಟ್ರೋಲ್ ಹಾಕಿಸುವ ಬಗೆಯೂ ಬೇರೆ. ಅನೇಕ ಬಂಕುಗಳಲ್ಲಿ ನಳಿಕೆಯನ್ನು ನೇರವಾಗಿ ಬೈಕಿನ ಟ್ಯಾಂಕಿಗೆ ಇಡಲು ಬಿಡುವುದಿಲ್ಲ. ಬೈಕನ್ನು ಪಂಪಿನಿಂದ ದೂರ ನಿಲ್ಲಿಸಿ, ಉದ್ದನೆಯ ಮೂತಿಯ ಲೋಹದ ಹೂಜಿಯನ್ನು ಅವರಿಂದ ಪಡೆದು, ಅದರಲ್ಲಿ ಪೆಟ್ರೋಲ್ ಹಿಡಿಸಿಕೊಂಡು ಬಂದು ನೀವೇ ಸುರಿದುಕೊಳ್ಳಬೇಕು. ಬಿಸಿ ಎಂಜಿನ್ನಿನ ಮೇಲೆ ಚೆಲ್ಲದಂತೆ ಟ್ಯಾಂಕಿನ ಬಾಯಿಯ ಸುತ್ತ ಬಟ್ಟೆ ಸುತ್ತಿಕೊಳ್ಳಿ, ಹೂಜಿ ತುಂಬಾ ತುಂಬಿಸಬೇಡಿ. 92, 95, 98 ಎಂಬ ಆಕ್ಟೇನ್ ಸಂಖ್ಯೆಗಳಲ್ಲಿ ಯಾವುದು ಬೇಕೆಂಬುದು ಟ್ಯಾಂಕಿನ ಮುಚ್ಚಳದ ಹತ್ತಿರವೋ ಕೈಪಿಡಿಯಲ್ಲೋ ಇರುತ್ತದೆ.

ನಿರ್ವಹಣೆ

ಮೊದಲ ಸರ್ವಿಸನ್ನು ಕೈಪಿಡಿ ಹೇಳಿದ ಕಿಲೋಮೀಟರಿನಲ್ಲಿ, ಸಾಮಾನ್ಯವಾಗಿ 500ರಿಂದ 1,000ದ ಒಳಗೆ, ಕಂಪನಿಯ ಅಧಿಕೃತ ಅಂಗಡಿಯಲ್ಲೇ ಮಾಡಿಸಿ ದಾಖಲೆ ಇಟ್ಟುಕೊಳ್ಳಿ. ವಾರಂಟಿ ಅದರ ಮೇಲೆ ನಿಂತಿರುತ್ತದೆ. ಆಮೇಲಿನ ಸಣ್ಣ ಕೆಲಸಗಳನ್ನು ಕೈಯಾರೆ ಮಾಡಿಕೊಳ್ಳಲು ಕಲಿಯುವುದು ಲೇಸು. ಭಾಷೆ ಬಾರದ ಊರಿನಲ್ಲಿ ಎಂಜಿನ್ನಿನಿಂದ ಟಕಟಕ ಸದ್ದು ಬರುತ್ತಿದೆ, ಬ್ರೇಕ್ ಹಿಡಿದಾಗ ಹ್ಯಾಂಡಲ್ ನಡುಗುತ್ತದೆ ಎಂದು ವಿವರಿಸುವುದೇ ಒಂದು ಸಾಹಸ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಯಾವ ವೇಗದಲ್ಲಿ ಬರುತ್ತದೆ ಎಂದು ಅನುವಾದದ ಆ್ಯಪ್‌ನಲ್ಲಿ ಬರೆದು ತೋರಿಸಿದರೆ ಮೆಕ್ಯಾನಿಕ್ಕಿಗೆ ಅರ್ಥವಾಗುತ್ತದೆ. ಎಂಜಿನ್ ಆಯಿಲ್‌ಗೆ ‘ಜಿ ಯೌ’, ಚೈನಿಗೆ ‘ಲಿಯೆನ್ ಥಿಯಾವ್’, ಬ್ರೇಕ್ ಪ್ಯಾಡಿಗೆ ‘ಶಾ ಚೆ ಫಿಯೆನ್’ ಎಂಬ ಮೂರು ಹೆಸರು ಬಂದರೆ ಅರ್ಧ ಕೆಲಸ ಮುಗಿಯುತ್ತದೆ. ಗಾಳಿಯ ಒತ್ತಡವನ್ನು ಇಲ್ಲಿ ಬಾರ್ ಲೆಕ್ಕದಲ್ಲಿ ಹೇಳುತ್ತಾರೆ: 2.2 ಎಂದರೆ ನಮ್ಮ 32 ಪಿಎಸ್‌ಐ, 2.5 ಎಂದರೆ 36.

ಚೈನನ್ನು 500ರಿಂದ 800 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಓಡಿಸಿದ್ದರೆ ಅದಕ್ಕೂ ಮೊದಲೇ, ಸೀಮೆಎಣ್ಣೆಯಿಂದಲೋ ಚೈನ್ ಕ್ಲೀನರಿನಿಂದಲೋ ತೊಳೆದು ಎಣ್ಣೆ ಹಾಕಬೇಕು. ಸವಾರಿ ಮುಗಿಸಿ ಬಂದಾಗ ಚೈನ್ ಇನ್ನೂ ಬೆಚ್ಚಗಿರುತ್ತದೆ, ಎಣ್ಣೆ ಕೀಲುಗಳ ಒಳಗೆ ಇಳಿಯುತ್ತದೆ. ಎಂಜಿನ್ ಆರಿಸಿ, ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ, ಚೈನಿನ ಒಳಮೈಗೆ ಸಿಂಪಡಿಸಿ; ಎಂಜಿನ್ ಚಾಲೂ ಇಟ್ಟು ಈ ಕೆಲಸ ಮಾಡುವವರು ಬೆರಳು ಕಳೆದುಕೊಂಡಾರು. ಕೆಳಗಿನ ಎಳೆಯ ನಡುಭಾಗವನ್ನು ಮೇಲೆ ಕೆಳಗೆ ಆಡಿಸಿದಾಗ ಸಾಮಾನ್ಯವಾಗಿ 25ರಿಂದ 35 ಮಿಲಿಮೀಟರ್ ಸಡಿಲವಿರಬೇಕು. ಒಂದೇ ಕಡೆ ಅಳೆಯದೆ ಚಕ್ರವನ್ನು ತಿರುಗಿಸಿ ಮೂರ್ನಾಲ್ಕು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಕಂಡರೆ ಚೈನ್ ಸವೆದಿದೆ ಎಂದರ್ಥ. ಆಗ ಎರಡೂ ಸ್ಪ್ರಾಕೆಟ್‌ಗಳ ಜೊತೆಗೇ ಬದಲಿಸಬೇಕು.

ಎಂಜಿನ್ ಆಯಿಲ್ ಕೊಳ್ಳುವಾಗ ಡಬ್ಬಿಯ ಮೇಲೆ ಬೈಕಿನ ಎಣ್ಣೆಯ ಗುರುತಾದ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿರುವುದನ್ನು ನೋಡಿಕೊಳ್ಳಿ, ಏಕೆಂದರೆ ಕಾರಿನ ಎಣ್ಣೆ ಹಾಕಿದರೆ ಎಣ್ಣೆಯಲ್ಲೇ ಮುಳುಗಿರುವ ಬೈಕಿನ ಕ್ಲಚ್ ಜಾರಲು ತೊಡಗಬಹುದು. ಬ್ರೇಕ್ ದ್ರವವನ್ನು 2 ವರ್ಷಕ್ಕೊಮ್ಮೆ ಬದಲಿಸಬೇಕು. ಬಿಡಿಭಾಗಗಳು ಆನ್‌ಲೈನಿನಲ್ಲಿ ಮರುದಿನವೇ ಮನೆಬಾಗಿಲಿಗೆ ಬರುತ್ತವೆ, ಚೀನಾದಲ್ಲಿ ಬೈಕ್ ಸಾಕುವುದರ ದೊಡ್ಡ ಅನುಕೂಲ ಇದು. ಆದರೆ ಸ್ಪಾರ್ಕ್ ಪ್ಲಗ್, ಎಣ್ಣೆ, ಬ್ರೇಕ್ ಪ್ಯಾಡ್ ಈ ಮೂರರಲ್ಲಿ ನಕಲಿ ಬಹಳವಾದ್ದರಿಂದ ಇವನ್ನು ಕಂಪನಿಯ ಅಧಿಕೃತ ಮಳಿಗೆಯಿಂದಲೇ ತರಿಸಿ. ಟೈರಿನ ಬದಿಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಟೈರು ಬಂದರೆ ಹಿಂದಿರುಗಿಸಿ.

ಬೀಜಿಂಗ್‌ನ ಏಪ್ರಿಲ್-ಮೇ ತಿಂಗಳು ಬೈಕಿಗೆ ಕಷ್ಟಕಾಲ. ಪೋಪ್ಲರ್ ಮತ್ತು ವಿಲ್ಲೋ ಮರಗಳ ಬಿಳಿ ಅರಳೆ ಗಾಳಿಯಲ್ಲಿ ತೇಲಿ ಬಂದು ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ಕುಳಿತುಕೊಳ್ಳುತ್ತದೆ. ಮೇಲಿಂದ ನೋಡಿದರೆ ಧೂಳು ಹಿಡಿದಂತೆ ಮಾತ್ರ ಕಾಣುತ್ತದೆ, ಆದರೆ ಟಾರ್ಚ್ ಹಿಡಿದು ಹಿಂಬದಿಯಿಂದ ನೋಡಿದರೆ ಬೆಳಕು ಆಚೆ ಹಾಯುವುದೇ ಇಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಎಂಜಿನ್ ಬಿಸಿಯೇರಿ ಫ್ಯಾನ್ ನಿಲ್ಲದೆ ತಿರುಗುತ್ತಿದ್ದರೆ ಇದೇ ಕಾರಣವಿರಬಹುದು. ಜೋರಾಗಿ ನೀರು ಹೊಡೆದರೆ ರೆಕ್ಕೆಗಳು ಬಾಗಿಹೋಗುತ್ತವೆ. ಎಂಜಿನ್ ತಣ್ಣಗಾದ ಮೇಲೆ ಮೆತ್ತನೆಯ ಬ್ರಷ್ಷಿನಿಂದ, ಹಿಂಬದಿಯಿಂದ ಮುಂಬದಿಗೆ ಸಣ್ಣ ಧಾರೆಯ ನೀರು ಬಿಟ್ಟು ತೆಗೆಯಿರಿ. ಏರ್ ಫಿಲ್ಟರನ್ನೂ ಆಗಲೇ ನೋಡಿ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿಯುವುದುಂಟು. ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕ್ ತುಂಬಿಸಿ, ಬ್ಯಾಟರಿ ಬಿಚ್ಚಿ ಬೆಚ್ಚಗಿನ ಜಾಗದಲ್ಲಿಟ್ಟು ಆಗಾಗ ಚಾರ್ಜ್ ಮಾಡಲಿ. ಕೂಲೆಂಟಿಗೆ ಬರೀ ನೀರು ಬೆರೆಸಿದ್ದರೆ ಚಳಿ ಬರುವ ಮುನ್ನವೇ ಬದಲಿಸಲಿ. ಯಾಂಗ್ತ್ಸೆ ಕೆಳದಂಡೆಯ ನಗರಗಳಲ್ಲಿ ಜೂನ್-ಜುಲೈನ ಜಿಟಿಜಿಟಿ ಮಳೆಯೇ ಶತ್ರು. ಬೈಕಿನ ಮೇಲೆ ಸದಾ ಹೊದಿಕೆ ಹಾಕಿಟ್ಟರೆ ಒಳಗಿನ ತೇವಕ್ಕೆ ಬೋಲ್ಟುಗಳು ತುಕ್ಕು ಹಿಡಿಯುತ್ತವೆ, ಬಿಸಿಲು ಬಂದ ದಿನ ತೆಗೆದು ಒಣಗಿಸಿ.

ಅಪಘಾತ, ಪ್ರಯಾಣ

ಅಪಘಾತವಾದರೆ ಸಂಚಾರ ಪೊಲೀಸರಿಗೆ 122, ಆಂಬುಲೆನ್ಸಿಗೆ 120. ಗಾಯವಿಲ್ಲದ ಸಣ್ಣ ಡಿಕ್ಕಿಯಾದರೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು ವಾಹನಗಳನ್ನು ಬದಿಗೆ ಸರಿಸಬೇಕು. ಯಾರಿಗಾದರೂ ಗಾಯವಾಗಿದ್ದರೆ ಗಾಯಾಳುವಿನ ಆರೈಕೆಯೇ ಮೊದಲು, ಪೊಲೀಸರು ಬರುವವರೆಗೆ ಸ್ಥಳ ಬಿಡಬಾರದು. ಎದುರಿನವರು ಅಲ್ಲೇ ಹಣ ಕೇಳಿದರೆ ಕೊಟ್ಟು ಹೊರಟುಹೋಗಬೇಡಿ, ಆಮೇಲೆ ಅದನ್ನು ಪಲಾಯನವೆಂದು ಹೇಳಲು ಅವಕಾಶವಾಗುತ್ತದೆ. ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸಿ, ಹೊಣೆ ನಿಗದಿಯಾದ ಪತ್ರ ಪಡೆಯಿರಿ.

ದೂರ ಹೋಗುವವರಿಗೆ ಎಕ್ಸ್‌ಪ್ರೆಸ್ ವೇಗಳಿಗಿಂತ ಮೂರಂಕಿಯ ರಾಷ್ಟ್ರೀಯ ರಸ್ತೆಗಳೇ ಹಿತ. 1ರಿಂದ ಶುರುವಾಗುವವು ಬೀಜಿಂಗ್‌ನಿಂದ ಹೊರಡುತ್ತವೆ, 2ರವು ಉತ್ತರ-ದಕ್ಷಿಣ, 3ರವು ಪೂರ್ವ-ಪಶ್ಚಿಮ. ಹೆಸರಾದ ಜಿ318 ರಸ್ತೆ ಟಿಬೆಟ್‌ಗೆ ಹೋಗುತ್ತದೆ. ಆದರೆ ಪರದೇಶದವರು ಟಿಬೆಟ್‌ನೊಳಗೆ ಸ್ವತಂತ್ರವಾಗಿ ಓಡಾಡುವಂತಿಲ್ಲ, ಪ್ರವಾಸ ಸಂಸ್ಥೆಯ ಮೂಲಕ ಪರವಾನಗಿ ಪಡೆಯಬೇಕು. ಯುನ್ನಾನ್ ಮತ್ತು ಪಶ್ಚಿಮ ಸಿಚುವಾನ್‌ಗಳಲ್ಲಿ ಅಷ್ಟೇ ಸೊಗಸಾದ ಬೆಟ್ಟದ ದಾರಿಗಳಿವೆ.

ಹಿಂತಿರುಗುವಾಗ

ಕೆಲಸ ಮುಗಿಸಿ ಊರಿಗೆ ಮರಳುವವರು ಹೊರಡುವ ಎರಡು ತಿಂಗಳ ಮೊದಲೇ ಬೈಕ್ ಮಾರಾಟಕ್ಕೆ ಇಡಬೇಕು. ಹಣ ಎಣಿಸಿಕೊಂಡು ಕೀಲಿಕೈ ಕೊಟ್ಟರೆ ಮಾರಾಟ ಮುಗಿಯಲಿಲ್ಲ. ‘ಗುವೋ ಹು’ ಎಂಬ ಹೆಸರು ವರ್ಗಾವಣೆ ಆಗುವವರೆಗೆ ಅದು ಮಾಡುವ ಅಪಘಾತ, ದಂಡಗಳ ತಗಾದೆ ನಿಮ್ಮ ಹೆಸರಿಗೇ ಬರುತ್ತದೆ. ವಾಸದ ಪರವಾನಗಿ ರದ್ದಾದ ಮೇಲೆ ಈ ಕೆಲಸ ಬಹಳ ತೊಡಕಾಗುವುದರಿಂದ, ಅದು ಚಾಲ್ತಿಯಲ್ಲಿರುವಾಗಲೇ ಕೊಳ್ಳುವವರನ್ನು ಜೊತೆಗೆ ಕರೆದುಕೊಂಡು ಕಚೇರಿಗೆ ಹೋಗಿ. ಬಾಕಿ ದಂಡಗಳನ್ನು ಹಿಂದಿನ ದಿನವೇ ಕಟ್ಟಿರಿ. ಹಸಿರು ಪುಸ್ತಕದಲ್ಲಿ ಹೊಸ ಮಾಲೀಕರ ಹೆಸರು ಮುದ್ರಿತವಾಗಿ ಬಂದದ್ದರ ಫೋಟೋ ತೆಗೆದುಕೊಂಡು, 12123 ಆ್ಯಪ್ ತೆರೆದು, ನಿಮ್ಮ ವಾಹನಗಳ ಪಟ್ಟಿಯಿಂದ ಬೈಕ್ ಹೋಗಿದೆ ಎಂದು ನೋಡಿಕೊಂಡ ಮೇಲೆಯೇ ಕಚೇರಿಯಿಂದ ಹೊರಬನ್ನಿ.